ಐಸ್ ಪೆಟ್ಟಿಗೆಯಲ್ಲಿ ಸಿಗಾರಿನ ಹದ: ಒಂದು ಪ್ರಾಯೋಗಿಕ ಪಾಠ

ಧಾರವಾಡದಿಂದ ಸವದತ್ತಿಯ ಹಾದಿ ಹಿಡಿದರೆ ಸಿಗುವ ಅಮ್ಮಿನಬಾವಿ ಎರೆಭೂಮಿಯ ಊರು. ಈ ಸೀಮೆಯ ಹಿರಿಯರು ಜೋಳವನ್ನು ಹಗೇವಿನಲ್ಲಿ ಕೂಡಿಡುತ್ತಿದ್ದ ಕ್ರಮವನ್ನು ಬಲ್ಲವರು ಇನ್ನೂ ಇದ್ದಾರೆ. ನೆಲದೊಳಗೆ ತೋಡಿದ ಗುಂಡಿ, ಅದರ ಸುತ್ತ ಹುಲ್ಲಿನ ಹೊದಿಕೆ, ಬಾಯಿಗೆ ಕಲ್ಲು ಮಣ್ಣಿನ ಮುಚ್ಚಳ. ಒಳಗೆ ಯಂತ್ರವಿಲ್ಲ, ಔಷಧವಿಲ್ಲ. ಹೊರಗಿನ ಬಿಸಿಲು ಚಳಿಗಳ ಏರಿಳಿತ ಒಳಗೆ ಮುಟ್ಟದಂತೆ, ಹೊರಗಿನ ಗಾಳಿ ಒಳಗೆ ನುಸುಳದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಕಾಳು ಹದವಾಗಿ ಒಣಗಿದ್ದರೆ ವರ್ಷಗಟ್ಟಲೆ ಉಳಿಯುತ್ತಿತ್ತು. ಹಸಿಯಾಗಿ ತುಂಬಿದ್ದರೆ ಹಗೇವು ಎಷ್ಟೇ ಗಟ್ಟಿಯಾಗಿದ್ದರೂ ಜೋಳ ಮುಗ್ಗುತ್ತಿತ್ತು.

ಪ್ರವಾಸಕ್ಕೆ ತಂಪು ಪಾನೀಯ ಒಯ್ಯುವ ಪ್ಲಾಸ್ಟಿಕ್ ಐಸ್ ಪೆಟ್ಟಿಗೆಯನ್ನು ಸಿಗಾರು ಕಾಯುವ ಪೆಟ್ಟಿಗೆಯನ್ನಾಗಿ ಮಾರ್ಪಡಿಸುವ ವಿದ್ಯೆಗೆ ಈ ಹಗೇವಿನ ತತ್ತ್ವವೇ ಆಧಾರ. ನಮ್ಮ ಅವಳಿನಗರದಲ್ಲಿ ಸಿಗಾರಿನ ವ್ಯಾಪಾರ ದೊಡ್ಡದೇನಲ್ಲ. ಆದರೆ ಅದನ್ನು ಇಟ್ಟುಕೊಳ್ಳುವ ಅಂಗಡಿ ಮತ್ತು ಹೋಟೆಲುಗಳಿಗೆ ಪ್ರತಿ ಪೆಟ್ಟಿಗೆಯೂ ದುಬಾರಿ ಬಂಡವಾಳ. ಸರಕು ಕಡಿಮೆ, ಬೆಲೆ ಹೆಚ್ಚು, ಮಾರಾಟ ನಿಧಾನ. ಹೀಗಿರುವ ಸರಕು ಕಪಾಟಿನಲ್ಲಿ ಕುಳಿತೇ ಕೆಡುತ್ತದೆ. ವಿದೇಶದಲ್ಲಿ ಇದಕ್ಕೆಂದೇ ಮಾಡುವ ಮರದ ಪೆಟ್ಟಿಗೆಗೆ ಹ್ಯುಮಿಡರ್ ಎಂದು ಹೆಸರು. ಅದರ ಬೆಲೆ ಐಸ್ ಪೆಟ್ಟಿಗೆಯ ಬೆಲೆಯ ಹಲವು ಪಟ್ಟು. ಸಾಧಾರಣ ದರ್ಜೆಯ ಮರದ ಪೆಟ್ಟಿಗೆಗಿಂತ ಐಸ್ ಪೆಟ್ಟಿಗೆಯೇ ಬಿಗಿಯಾಗಿರುವುದೂ ಉಂಟು.

ಹದವೆಂದರೆ ಎಷ್ಟು?

ನಿಪ್ಪಾಣಿಯ ತಂಬಾಕು ವರ್ತಕರಿಗೆ ಈ ಪ್ರಶ್ನೆ ಹೊಸದಲ್ಲ. ಬಿಸಿಲಿಗೆ ಒಣಗಿದ ಬೀಡಿ ತಂಬಾಕಿನ ಎಲೆಯನ್ನು ನಡುಹಗಲಿನಲ್ಲಿ ಮುಟ್ಟಿದರೆ ಪುಡಿಯಾಗುತ್ತದೆ. ಆದ್ದರಿಂದ ಬೆಳಗಿನ ಇಬ್ಬನಿಯಲ್ಲಿ ಎಲೆ ಮೆತ್ತಗಾದಾಗಲೇ ಅದನ್ನು ಎತ್ತುವುದು, ಕಟ್ಟುವುದು. ಅತಿಯಾಗಿ ನೀರುಂಡ ಎಲೆಯನ್ನು ಕೊಂಡವನು ನೀರಿಗೆ ಹಣ ತೆತ್ತಂತೆ. ಮೇಲಾಗಿ ಅದು ಗೋದಾಮಿನಲ್ಲಿ ಬೂಷ್ಟು ಹಿಡಿಯುತ್ತದೆ. ಅನುಭವಿ ಖರೀದಿದಾರ ಎಲೆಯನ್ನು ಮುಷ್ಟಿಯಲ್ಲಿ ಹಿಡಿದು ಹದ ಹೇಳಬಲ್ಲ. ಸಿಗಾರೂ ತಂಬಾಕಿನ ಎಲೆಯೇ. ಆದರೆ ಸುತ್ತಿ ಮುಗಿಸಿದ ಮೇಲೆ ಅದನ್ನು ಮುಷ್ಟಿಯಲ್ಲಿ ಹಿಂಡಿ ನೋಡುವಂತಿಲ್ಲ. ಆದ್ದರಿಂದ ಅಂಕಿಯ ಮೊರೆ ಹೋಗಬೇಕು.

ಸಿಗಾರಿಗೆ ಹಿತವಾದ ಸಾಪೇಕ್ಷ ಆರ್ದ್ರತೆ ಶೇ. 65ರಿಂದ 70. ಇದಕ್ಕಿಂತ ಬಹಳ ಕೆಳಗಿಳಿದರೆ ಹೊರ ಎಲೆ ಬಿರಿಯುತ್ತದೆ, ಪರಿಮಳದ ತೈಲ ಆರುತ್ತದೆ. ಶೇ. 75ನ್ನು ದಾಟಿ ನಿಂತರೆ ಬೂಷ್ಟಿಗೆ ದಾರಿ. ಸಾಪೇಕ್ಷ ಆರ್ದ್ರತೆ ಎಂಬ ಮಾತು ಪದೇ ಪದೇ ಬರುವುದರಿಂದ ಅದನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ಒಂದು ಘನ ಮೀಟರ್ ಗಾಳಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು; 25 ಡಿಗ್ರಿಯಲ್ಲಿ 23 ಗ್ರಾಂ, 30ರಲ್ಲಿ 30 ಗ್ರಾಂ, 35ರಲ್ಲಿ ಸುಮಾರು 40 ಗ್ರಾಂ. ಹಿಡಿಯಬಲ್ಲ ಪ್ರಮಾಣದಲ್ಲಿ ಎಷ್ಟು ಪಾಲು ತುಂಬಿದೆ ಎಂಬುದೇ ಸಾಪೇಕ್ಷ ಆರ್ದ್ರತೆ. ಗಾಳಿ ಬಿಸಿಯಾದರೆ ಅದರ ಚೀಲ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ. ಒಳಗಿನ ನೀರು ಅಷ್ಟೇ ಇದ್ದರೂ ಶೇಕಡಾವಾರು ಬದಲಾಗುತ್ತದೆ.

ಈಗ ಲೆಕ್ಕ ಹಾಕೋಣ. 45 ಲೀಟರಿನ ಐಸ್ ಪೆಟ್ಟಿಗೆಯೊಳಗೆ 25 ಡಿಗ್ರಿಯಲ್ಲಿ ಶೇ. 70ರ ಆರ್ದ್ರತೆ ಇದೆಯೆಂದರೆ ಆ ಗಾಳಿಯಲ್ಲಿರುವ ನೀರಾವಿ ಮುಕ್ಕಾಲು ಗ್ರಾಮಿಗಿಂತಲೂ ಸ್ವಲ್ಪ ಕಡಿಮೆ. ಅದೇ ಪೆಟ್ಟಿಗೆಯಲ್ಲಿ ತಲಾ ಹತ್ತು ಗ್ರಾಮಿನ ನೂರು ಸಿಗಾರುಗಳಿದ್ದು, ಅವುಗಳ ತೂಕದಲ್ಲಿ ಶೇ. 13ರಷ್ಟು ತೇವವಿದ್ದರೆ ಸರಕಿನೊಳಗಿನ ನೀರು 130 ಗ್ರಾಂ. ಸುಮಾರು ನೂರೆಂಬತ್ತು ಪಟ್ಟು! ಪೆಟ್ಟಿಗೆಯ ಹದವನ್ನು ನಿಜವಾಗಿ ಹಿಡಿದಿಡುವುದು ಗಾಳಿಯಲ್ಲ, ಸರಕು. ಮುಚ್ಚಳ ತೆರೆದಾಗ ಮಾಪಕದ ಅಂಕಿ ಸರ್ರನೆ ಇಳಿದದ್ದನ್ನು ಕಂಡು ಗಾಬರಿಯಿಂದ ನೀರು ಸೇರಿಸುವವರು ಮರೆಯುವುದು ಇದನ್ನೇ. ಮುಚ್ಚಿ ಒಂದೆರಡು ಗಂಟೆ ಬಿಟ್ಟರೆ ಸರಕು ತಾನೇ ಆ ಅರ್ಧ ಗ್ರಾಮನ್ನು ಗಾಳಿಗೆ ಮರಳಿ ಕೊಡುತ್ತದೆ. ಹಾಗೆಯೇ ಒಣಗಿಹೋದ ಸಿಗಾರನ್ನು ಪೆಟ್ಟಿಗೆಗೆ ಹಾಕಿದ ಮಾತ್ರಕ್ಕೆ ಅದು ಮರುದಿನ ಹದಕ್ಕೆ ಬಾರದು, ವಾರಗಳೇ ಬೇಕು. ಅವಸರದಿಂದ ನೀರುಣಿಸಿದರೆ ಹೊರ ಎಲೆ ಮೊದಲು ಉಬ್ಬಿ ಸೀಳುತ್ತದೆ.

ನಮ್ಮ ಹವೆಯ ಎರಡು ಮುಖ

ಧಾರವಾಡದ ಪಶ್ಚಿಮಕ್ಕೆ ಮಲೆನಾಡು, ಪೂರ್ವಕ್ಕೆ ಬಯಲು. ಅಮ್ಮಿನಬಾವಿ ಬಯಲಿನ ಕಡೆಗೆ ವಾಲಿದ ನೆಲ. ಮಾರ್ಚ್ ತಿಂಗಳ ಮಧ್ಯಾಹ್ನ 35 ಡಿಗ್ರಿ ಬಿಸಿಲಿನಲ್ಲಿ ಆರ್ದ್ರತೆ ಶೇ. 25ಕ್ಕೆ ಇಳಿದರೆ ಒಂದು ಘನ ಮೀಟರ್ ಗಾಳಿಯಲ್ಲಿರುವುದು ಹತ್ತೇ ಗ್ರಾಂ ನೀರು. ಮೃಗಶಿರಾ ಮಳೆ ಹಿಡಿದ ಮೇಲೆ, ಜುಲೈ ತಿಂಗಳ ಮೋಡ ಮುಚ್ಚಿದ ದಿನ, 24 ಡಿಗ್ರಿಯಲ್ಲಿ ಶೇ. 88 ಇದ್ದರೆ ಅದೇ ಗಾಳಿಯಲ್ಲಿ 19 ಗ್ರಾಂ. ಒಂದೇ ಅಂಗಡಿ, ಒಂದೇ ಕಪಾಟು. ನಾಲ್ಕು ತಿಂಗಳ ಅಂತರದಲ್ಲಿ ನೀರು ಇಮ್ಮಡಿ. ವಿದೇಶೀ ಕೈಪಿಡಿಗಳು ಸಾಮಾನ್ಯವಾಗಿ ಪೆಟ್ಟಿಗೆಗೆ ನೀರು ಹೇಗೆ ಸೇರಿಸಬೇಕೆಂಬುದನ್ನೇ ವಿವರಿಸುತ್ತವೆ. ನಮ್ಮಲ್ಲಿ ಅರ್ಧ ವರ್ಷ ಸೇರಿಸಬೇಕು, ಇನ್ನರ್ಧ ವರ್ಷ ತೆಗೆಯಬೇಕು.

ಐಸ್ ಪೆಟ್ಟಿಗೆಗೂ ಸಾದಾ ತಗಡಿನ ಡಬ್ಬಿಗೂ ವ್ಯತ್ಯಾಸ ಇರುವುದು ಇಲ್ಲಿಯೇ. ತಗಡಿನ ಡಬ್ಬಿಯೂ ಗಾಳಿಯನ್ನು ತಡೆಯಬಹುದು, ಆದರೆ ಬಿಸಿಯನ್ನು ತಡೆಯದು. ಹಗಲು 35 ಡಿಗ್ರಿಯಲ್ಲಿ ಶೇ. 70ರಷ್ಟಿದ್ದ ಒಳಗಿನ ಗಾಳಿಯಲ್ಲಿ ಘನ ಮೀಟರಿಗೆ 28 ಗ್ರಾಂ ನೀರಿರುತ್ತದೆ. ಬೆಳಗಿನ ಜಾವ ಡಬ್ಬಿಯ ಗೋಡೆ 21 ಡಿಗ್ರಿಗೆ ತಣಿದಾಗ ಆ ಗಾಳಿ ಹಿಡಿಯಬಲ್ಲದ್ದು 18 ಗ್ರಾಂ ಮಾತ್ರ. ಹೆಚ್ಚಾದದ್ದು ತಣ್ಣನೆಯ ಗೋಡೆಯ ಮೇಲೆ ಹನಿಯಾಗಿ ಕೂರುತ್ತದೆ. ಹನಿ ಚಿಕ್ಕದಿರಬಹುದು, ಆದರೆ ಬೂಷ್ಟು ಮೊದಲು ಮೊಳೆಯುವುದು ಗೋಡೆಗೆ ತಾಗಿದ ಆ ಒಂದು ಸಿಗಾರಿನ ಮೇಲೆ. ಐಸ್ ಪೆಟ್ಟಿಗೆಯ ಎರಡು ಪ್ಲಾಸ್ಟಿಕ್ ಪದರಗಳ ನಡುವಿನ ನೊರೆಯ ಪದರ ಈ ದಿನದ ಏರಿಳಿತವನ್ನು ಸಪಾಟು ಮಾಡುತ್ತದೆ. ಋತುವಿನ ಬಿಸಿಯನ್ನು ಮಾತ್ರ ಅದು ತಡೆಯಲಾರದು. ವಾರಗಟ್ಟಲೆ ಅಂಗಡಿ 33 ಡಿಗ್ರಿಯಲ್ಲಿದ್ದರೆ ಪೆಟ್ಟಿಗೆಯೂ 33 ಡಿಗ್ರಿಗೆ ಬಂದೇ ಬರುತ್ತದೆ. ಆದ್ದರಿಂದ ಸ್ಥಳದ ಆಯ್ಕೆ ಮುಖ್ಯ. ತಗಡಿನ ಮಾಡಿನ ಕೆಳಗೆ, ಪಡುವಣ ಗೋಡೆಗೆ, ಫ್ರಿಜ್ಜಿನ ಹಿಂಬದಿಗೆ ಇಡಬೇಡಿ. ದಪ್ಪ ಮಣ್ಣಿನ ಗೋಡೆಯ ಹಳೆಯ ಮಾಳಿಗೆ ಮನೆಯ ಒಳಕೋಣೆ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ತಂಪಿಗೆಂದು ಪೆಟ್ಟಿಗೆಯೊಳಗೆ ಐಸಾಗಲಿ, ತಣಿಸಿದ ನೀರಿನ ಬಾಟಲಿಯಾಗಲಿ ಇಡಲೇಬಾರದು. ಬಾಟಲಿಯ ಮೈಮೇಲೆ ಕೂಡುವ ಹನಿ ಸರಕಿನ ಮೇಲೆ ಇಳಿಯುತ್ತದೆ.

ಪೆಟ್ಟಿಗೆಯ ಆಯ್ಕೆ ಮತ್ತು ಸಿದ್ಧತೆ

ಪೆಟ್ಟಿಗೆ ಹೊಸದಾಗಿರಲಿ. ಮೀನು, ಮಾಂಸ, ಔಷಧ ಸಾಗಿಸಿದ ಹಳೆಯ ಪೆಟ್ಟಿಗೆ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ತಂಬಾಕು ವಾಸನೆಯನ್ನು ಹೀರುವಷ್ಟು ಬೇಗ ಬೇರಾವ ಎಲೆಯೂ ಹೀರದು. 45 ಲೀಟರಿನ ಪೆಟ್ಟಿಗೆಯಲ್ಲಿ ಇಪ್ಪತ್ತೈದರ ನಾಲ್ಕರಿಂದ ಆರು ಸಿಗಾರು ಪೆಟ್ಟಿಗೆಗಳು ಹಿಡಿಸುತ್ತವೆ. ಸರಕು ಕಡಿಮೆ ಇದ್ದರೆ ಚಿಕ್ಕದನ್ನೇ ಕೊಳ್ಳಬೇಕು. ಹದ ಕಾಯುವುದು ಸರಕು ಎಂದು ಮೇಲೆ ಹೇಳಿದೆವಲ್ಲ, ಅರ್ಧಕ್ಕಿಂತ ಹೆಚ್ಚು ತುಂಬಿದ ಪೆಟ್ಟಿಗೆ ತಾನೇ ಸ್ಥಿರವಾಗಿರುತ್ತದೆ.

ಕೊಳ್ಳುವಾಗ ಮುಚ್ಚಳದ ಬಿಗಿಯನ್ನು ಪರೀಕ್ಷಿಸಲು ಒಂದು ಸುಲಭೋಪಾಯವಿದೆ. ಉರಿಯುತ್ತಿರುವ ಬ್ಯಾಟರಿ ದೀಪವನ್ನು ಒಳಗಿಟ್ಟು ಮುಚ್ಚಿ, ಕತ್ತಲ ಕೋಣೆಯಲ್ಲಿ ಸುತ್ತಲೂ ನೋಡಿ. ಬೆಳಕಿನ ಗೆರೆ ಕಂಡಲ್ಲಿ ಗಾಳಿಗೂ ದಾರಿಯಿದೆ. ಅಂಥ ಕಡೆ ಬಾಗಿಲಿಗೆ ಅಂಟಿಸುವ ನೊರೆಪಟ್ಟಿ ಸಾಕು. ಕೆಳಗೆ ನೀರು ಬಸಿಯುವ ತೂತಿದ್ದರೆ ಅದರ ಬಿರಟೆಯನ್ನು ಬಿಗಿದು ಮೇಲೆ ಟೇಪು ಸುತ್ತಬೇಕು. ಸಿಲಿಕೋನ್ ಅಂಟು ಬಳಸಿದರೆ ಅದರ ವಿನೆಗರಿನಂಥ ಹುಳಿವಾಸನೆ ಪೂರಾ ಹೋಗುವ ತನಕ ಸರಕು ಇಡಬಾರದು.

ಹೊಸ ಪ್ಲಾಸ್ಟಿಕ್ಕಿಗೆ ತನ್ನದೇ ವಾಸನೆ ಇರುತ್ತದೆ. ಅಡುಗೆ ಸೋಡಾ ಬೆರೆಸಿದ ಬೆಚ್ಚಗಿನ ನೀರಿನಿಂದ ಒರೆಸಿ, ಮುಚ್ಚಳ ತೆರೆದು ನೆರಳಿನಲ್ಲಿ ಒಂದು ವಾರ ಬಿಡಿ. ಪರಿಮಳದ ಸಾಬೂನು ಬೇಡ. ಬಳಿಕ ಮೂರು ದಿನ ಮುಚ್ಚಿಟ್ಟು ತೆರೆದು ಮೂಸಿ ನೋಡಿ. ವಾಸನೆ ಉಳಿದಿದ್ದರೆ ಇನ್ನೊಂದು ವಾರ. ಈ ಹಂತದಲ್ಲಿ ತಾಳ್ಮೆ ಸಾಲದೆ ಕೆಟ್ಟ ಪೆಟ್ಟಿಗೆಗಳೇ ಹೆಚ್ಚು.

ಒಳಗೆ ಮರದ ಹಲಗೆ ಇದ್ದರೆ ಆರ್ದ್ರತೆಯ ಏರಿಳಿತ ಇನ್ನೂ ಮೆದುವಾಗುತ್ತದೆ. ವಿದೇಶದಲ್ಲಿ ಬಳಸುವುದು ಸ್ಪ್ಯಾನಿಷ್ ಸೀಡರ್ ಎಂಬ ಮರ. ಹೆಸರು ಹಾಗಿದ್ದರೂ ಅದು ಸ್ಪೇನಿನದೂ ಅಲ್ಲ, ಸೀಡರೂ ಅಲ್ಲ. ಅಮೆರಿಕ ಖಂಡದ ಉಷ್ಣವಲಯದ, ಬೇವು ಮತ್ತು ಮಹಾಗನಿಯ ಕುಟುಂಬಕ್ಕೆ ಸೇರಿದ ಮರ. ಹೆಸರನ್ನೇ ನಂಬಿ ಮರದ ಅಡ್ಡೆಯಲ್ಲಿ ಸೀಡರ್ ಕೇಳಿದರೆ ದೇವದಾರು ಕೊಟ್ಟಾರು. ಅದರ ಘಾಟು ತೈಲ ಒಂದು ವಾರದಲ್ಲಿ ಸರಕನ್ನೆಲ್ಲ ಕೆಡಿಸುತ್ತದೆ. ಅದೇ ಕುಟುಂಬದ ನಮ್ಮ ತೂನ್ ಮರ ಹತ್ತಿರದ ಬದಲಿ. ಭಾರತದಲ್ಲಿ ಸಿಗಾರಿನ ಪೆಟ್ಟಿಗೆಗಳಿಗೆ ಹಿಂದಿನಿಂದಲೂ ಬಳಕೆಯಲ್ಲಿರುವ ಮರವದು. ಪಾಲಿಶ್, ವಾರ್ನಿಶ್ ಬಳಿಯದ ಹಲಗೆಯೇ ಬೇಕು. ಇದಾವುದೂ ಸಿಗದಿದ್ದರೆ ಸಿಗಾರು ಬರುವ ಮೂಲ ಮರದ ಪೆಟ್ಟಿಗೆಯನ್ನೇ ತುಸು ತೆರೆದಂತೆ ಒಳಗಿಟ್ಟರೆ ಕೆಲಸ ಸಾಗುತ್ತದೆ. ಹಾಗಿಡುವುದರಿಂದ ಮತ್ತೊಂದು ಅನುಕೂಲವೂ ಇದೆ, ಅದನ್ನು ಮುಂದೆ ಹೇಳುವೆ.

ಮಾಪಕವನ್ನು ನಂಬುವ ಮುನ್ನ

ಸಣ್ಣ ಡಿಜಿಟಲ್ ಆರ್ದ್ರತಾಮಾಪಕ ಈಗ ಎಲ್ಲೆಡೆ ಸಿಗುತ್ತದೆ. ಆದರೆ ಪೆಟ್ಟಿಗೆಯಿಂದ ತೆಗೆದ ಮಾಪಕ ಐದಾರು ಅಂಕ ಸುಳ್ಳು ಹೇಳುವುದು ಅಪರೂಪವಲ್ಲ. ತಕ್ಕಡಿಯನ್ನು ಮುದ್ರೆ ಹಾಕಿಸದೆ ಬಳಸದ ವರ್ತಕರು ಇದನ್ನೂ ಪರೀಕ್ಷಿಸದೆ ಬಳಸಬಾರದು. ಪರೀಕ್ಷೆಗೆ ಬೇಕಾದುದು ಅಡುಗೆಯ ಉಪ್ಪು. ಬಾಟಲಿಯ ಮುಚ್ಚಳದಲ್ಲಿ ಉಪ್ಪು ತುಂಬಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರು ಹನಿಸಿ, ಕರಗಿ ನೀರಾಗಬಾರದು. ಆ ಮುಚ್ಚಳವನ್ನೂ ಮಾಪಕವನ್ನೂ ಒಂದಕ್ಕೊಂದು ತಾಗದಂತೆ ಬಿಗಿಯಾದ ಚಿಕ್ಕ ಡಬ್ಬಿಯಲ್ಲಿ ಒಂದು ಹಗಲು ಒಂದು ರಾತ್ರಿ ಇಡಿ. ತಣ್ಣನೆಯ ಕಾಲವಾಗಲಿ ಬೇಸಿಗೆಯಾಗಲಿ, ಡಬ್ಬಿಯೊಳಗಿನ ಆರ್ದ್ರತೆ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಮಾಪಕ 71 ತೋರಿದರೆ ಅದು ನಾಲ್ಕು ಅಂಕ ಕಡಿಮೆ ಹೇಳುತ್ತಿದೆ ಎಂದರ್ಥ. ಹಿಂಬದಿಗೆ ಚೀಟಿ ಅಂಟಿಸಿ ಬರೆದಿಡಿ. ವರ್ಷಕ್ಕೆರಡು ಸಲ ಈ ಪರೀಕ್ಷೆ ಆಗಬೇಕು.

ಇಷ್ಟು ನಿಖರವಾಗಿ ನಿಲ್ಲುವ ಉಪ್ಪನ್ನೇ ಪೆಟ್ಟಿಗೆಯಲ್ಲಿಟ್ಟರೆ ಆಗದೇ ಎಂಬ ಯೋಚನೆ ಯಾರಿಗೂ ಬರುವಂಥದ್ದು. ಈ ಲೇಖಕನ ಮೊದಲ ಪೆಟ್ಟಿಗೆ ಕೆಟ್ಟದ್ದು ಇದೇ ಜಾಣತನದಿಂದ. ಬೇಸಿಗೆಯಲ್ಲಿ ಒಂದು ಬಟ್ಟಲು ಉಪ್ಪಿನ ಹಿಟ್ಟು ಇಟ್ಟು ನಿಶ್ಚಿಂತನಾಗಿದ್ದೆ. ಮಳೆಗಾಲದಲ್ಲಿ ತೆರೆದು ನೋಡಿದರೆ ಕೆಳಸಾಲಿನ ಸಿಗಾರುಗಳಿಗೆ ಹಸಿರು ತುಪ್ಪಳ. ಶೇ. 75 ಎಂಬುದು ಬೂಷ್ಟಿನ ಹೊಸ್ತಿಲು; ಉಪ್ಪು ಸರಕನ್ನು ನಿಯತ್ತಾಗಿ ಆ ಹೊಸ್ತಿಲಿಗೇ ತಂದು ನಿಲ್ಲಿಸಿತ್ತು. ಅಡುಗೆಯ ಉಪ್ಪು ಪರೀಕ್ಷೆಗೆ ಮಾತ್ರ.

ನೀರು ಕೊಡುವ ಮತ್ತು ತೆಗೆಯುವ ಸಾಧನ

ಸಿಗಾರಿಗೆಂದೇ ಮಾರುವ ಎರಡುಮುಖದ ಚೀಟುಗಳಲ್ಲೂ ಇರುವುದು ಲವಣದ ದ್ರಾವಣವೇ. ಆದರೆ ಅವು ಶೇ. 65, 69, 72 ಹೀಗೆ ಬೇಕಾದ ಅಂಕಿಗೆ ಹೊಂದಿಸಿದವು. ಆವಿ ಮಾತ್ರ ಹಾಯುವ ಪೊರೆಯೊಳಗೆ ಮುಚ್ಚಿರುತ್ತವೆ. ಗಾಳಿ ಒಣಗಿದ್ದರೆ ನೀರು ಕೊಡುತ್ತವೆ, ಹಸಿಯಾಗಿದ್ದರೆ ಹೀರುತ್ತವೆ. ಎರಡು ಮುಖದ ನಮ್ಮ ಹವೆಗೆ ಇದೇ ಯೋಗ್ಯ. ಇಪ್ಪತ್ತೈದು ಸಿಗಾರಿಗೆ 60 ಗ್ರಾಮಿನ ಒಂದು ಚೀಟು ಎಂಬ ಲೆಕ್ಕ ರೂಢಿಯಲ್ಲಿದೆ. ಬಿಸಿ ಹೆಚ್ಚಿರುವ ನಮ್ಮಲ್ಲಿ 65ರ ಚೀಟನ್ನೇ ಆರಿಸುವುದು ಕ್ಷೇಮವೆಂದು ನನ್ನ ಅಭಿಪ್ರಾಯ. ಚೀಟು ಕಲ್ಲಿನಂತೆ ಗಡುಸಾದಾಗ ಬದಲಿಸಬೇಕು.

ನೊರೆ ಅಥವಾ ಸ್ಪಂಜಿಗೆ ನೀರುಣಿಸಿ ಇಡುವ ಹಳೆಯ ಕ್ರಮವೂ ಇದೆ. ಅದು ಕೊಡಬಲ್ಲದು, ತೆಗೆಯಲಾರದು, ಮಳೆಗಾಲದಲ್ಲಿ ಹೊರಗಿಡಬೇಕು. ಅದಕ್ಕೆ ನಲ್ಲಿಯ ನೀರು ಸಲ್ಲದು. ಅವಳಿನಗರಕ್ಕೆ ಬರುವ ಮಲಪ್ರಭೆಯ ನೀರು ಅಮ್ಮಿನಬಾವಿಯ ಘಟಕದಲ್ಲೇ ಶುದ್ಧಗೊಳ್ಳುತ್ತದೆ, ಕುಡಿಯಲು ಯೋಗ್ಯವೂ ಹೌದು. ಆದರೆ ಅದರಲ್ಲಿ ಕರಗಿದ ಲವಣಗಳು ಆವಿಯಾಗದೆ ಸ್ಪಂಜಿನಲ್ಲೇ ಉಳಿದು ಅದನ್ನು ಬಿಗಿಸುತ್ತವೆ. ಕೊಳವೆಬಾವಿಯ ನೀರಾದರೆ ಇನ್ನೂ ಬೇಗ. ಬಟ್ಟಿ ಇಳಿಸಿದ ನೀರೇ ಬೇಕು. ಬ್ಯಾಟರಿ ಅಂಗಡಿಯಿಂದ ತರುವುದಾದರೆ ಆಸಿಡ್ ಬೆರೆಯದ ಶುದ್ಧ ನೀರೆಂದು ಖಾತ್ರಿ ಮಾಡಿಕೊಳ್ಳಿ. ಬಟ್ಟಿ ನೀರಿಗೆ ಸಮಪಾಲು ಪ್ರೊಪಿಲೀನ್ ಗ್ಲೈಕಾಲ್ ಬೆರೆಸಿದರೆ ಆರ್ದ್ರತೆ ಶೇ. 70ರ ಸುತ್ತ ನಿಲ್ಲುತ್ತದೆ, ಬೂಷ್ಟೂ ಕಡಿಮೆ. ಇಲ್ಲಿ ಒಂದು ಎಚ್ಚರಿಕೆ: ವಾಹನಗಳ ಕೂಲಂಟಿನಲ್ಲಿ ಸಾಮಾನ್ಯವಾಗಿರುವುದು ಎಥಿಲೀನ್ ಗ್ಲೈಕಾಲ್. ಹೆಸರು ಹತ್ತಿರ, ವಸ್ತು ವಿಷ. ಅದನ್ನು ಇದರ ಬದಲಿಗೆ ಎಂದೂ ಬಳಸಬಾರದು.

ಹುಳುವಿನ ಮಾತು

ತಂಬಾಕಿನ ಜೀರುಂಡೆಯನ್ನು ನಮ್ಮ ಮಾರುಕಟ್ಟೆಯ ಮೆಣಸಿನಕಾಯಿ, ಅರಿಸಿನದ ವರ್ತಕರೂ ಬಲ್ಲರು. ಅದೇ ಹುಳು ಅವನ್ನೂ ಕೊರೆಯುತ್ತದೆ. ಎರಡು ಮೂರು ಮಿಲಿಮೀಟರಿನ ಕಂದು ಕೀಟ. ಅದರ ತತ್ತಿ ಎಲೆಯೊಡನೆಯೇ ಬಂದಿರಬಹುದು. ತಂಪಿನಲ್ಲಿ ಸುಮ್ಮನಿದ್ದು, 25 ಡಿಗ್ರಿ ದಾಟಿದ ಮೇಲೆ ಚುರುಕಾಗುತ್ತದೆ. 30 ಡಿಗ್ರಿಯ ಸುತ್ತ ತತ್ತಿಯಿಂದ ಜೀರುಂಡೆಯಾಗಲು ಸುಮಾರು ಒಂದು ತಿಂಗಳು ಸಾಕು. ಅಂದರೆ ನಮ್ಮ ಬೇಸಿಗೆಯೇ ಅದಕ್ಕೆ ಹಬ್ಬ.

ಇದಕ್ಕೆ ಮದ್ದು ಚಳಿ. ಹೊಸ ಸರಕನ್ನು ಗಾಳಿಯಾಡದ ಚೀಲದಲ್ಲಿ ಬಿಗಿದು, ಒಂದು ದಿನ ಫ್ರಿಜ್ಜಿನಲ್ಲಿ, ಬಳಿಕ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಫ್ರೀಜರಿನಲ್ಲಿ ಮೂರು ನಾಲ್ಕು ದಿನ, ಮತ್ತೆ ಒಂದು ದಿನ ಫ್ರಿಜ್ಜಿನಲ್ಲಿಟ್ಟು ಹೊರತೆಗೆಯಬೇಕು. ಕೋಣೆಯ ಬಿಸುಪಿಗೆ ಬರುವ ತನಕ ಚೀಲ ಬಿಚ್ಚಬಾರದು. ಕಾಳಿನ ಚೀಲಗಳಿಗೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಇಂಥ ಪೆಟ್ಟಿಗೆಗೆ ಹಾಕುವ ಯೋಚನೆಯನ್ನೂ ಮಾಡಬೇಡಿ. ತೇವ ತಾಗಿದೊಡನೆ ಅದು ಫಾಸ್ಫೀನ್ ವಿಷಾನಿಲವನ್ನು ಬಿಡುತ್ತದೆ. ಅಂಗಡಿಯಲ್ಲಾಗಲಿ ಮನೆಯಲ್ಲಾಗಲಿ ಮುಚ್ಚಳ ತೆರೆದವರ ಪ್ರಾಣಕ್ಕೇ ಅದು ಕುತ್ತು. ತರಬೇತಿ ಪಡೆದವರು ಗೋದಾಮಿನಲ್ಲಿ ಮಾಡುವ ಕೆಲಸವದು.

ಕಾನೂನಿನ ಒಂದೆರಡು ಅಂಶ

ಪೆಟ್ಟಿಗೆ ಎಷ್ಟೇ ಚೆನ್ನಾಗಿದ್ದರೂ ಒಳಗಿರುವುದು ತಂಬಾಕು. ಅದರ ಹಾನಿ ಹದದಿಂದ ಕಡಿಮೆಯಾಗದು. 2003ರ ಕೇಂದ್ರ ಕಾಯಿದೆ ಸಿಗಾರಿಗೂ ಅನ್ವಯಿಸುತ್ತದೆ. ಕರ್ನಾಟಕದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದು, ಕೊಳ್ಳುವವರ ಕನಿಷ್ಠ ವಯಸ್ಸು 18ರಿಂದ 21ಕ್ಕೆ ಏರಿದೆ. ಬಿಡಿ ಸಿಗರೇಟಿನ ಮಾರಾಟಕ್ಕೂ ನಿಷೇಧವಿದೆ. ಒಂದೊಂದೇ ಸಿಗಾರು ತೆಗೆದು ಮಾರುವವರು ತಮ್ಮ ಕಾನೂನು ಸಲಹೆಗಾರರನ್ನು ಮೊದಲೇ ವಿಚಾರಿಸುವುದು ಒಳಿತು. ಚಿತ್ರಸಹಿತ ಎಚ್ಚರಿಕೆ ಮುದ್ರಿಸಿದ ಮೂಲ ಪೆಟ್ಟಿಗೆಯಲ್ಲೇ ಸರಕನ್ನು ಉಳಿಸಿಕೊಳ್ಳಲು ಇದೂ ಒಂದು ಕಾರಣ.

ಅದೇ ಪೆಟ್ಟಿಗೆ, ತಿರುಗುಮುರುಗು

ಸಿಗಾರಿನ ಗೊಡವೆಯೇ ಬೇಡವೆನ್ನುವ ಸದಸ್ಯರಿಗೂ ಈ ಪೆಟ್ಟಿಗೆ ಉಪಯುಕ್ತ. ಬೀಜದ ವ್ಯಾಪಾರಿಗಳಿಗಂತೂ ಹೆಚ್ಚು. ನಮ್ಮ ಭಾಗದ ಮುಖ್ಯ ಬೆಳೆಯಾದ ಉಳ್ಳಾಗಡ್ಡಿಯ ಬೀಜ ತರಕಾರಿ ಬೀಜಗಳಲ್ಲೇ ಅಲ್ಪಾಯುಷಿ. ಬೇಸಿಗೆಯಲ್ಲಿ ಕೊಯ್ದು ಮುಂದಿನ ವರ್ಷಕ್ಕೆ ಉಳಿಸಿದ ಬೀಜ ಇಡೀ ಮಳೆಗಾಲವನ್ನು ದಾಟಬೇಕು. ಬಟ್ಟೆಯ ಚೀಲದಲ್ಲಿದ್ದರೆ ಜುಲೈ ತಿಂಗಳ ಗಾಳಿಯನ್ನು ಕುಡಿದು ಸಾಯುತ್ತದೆ. ಹೊರನೋಟಕ್ಕೆ ಕರಿಬಣ್ಣ ಕರಿಯಾಗಿಯೇ ಇರುತ್ತದೆ. ರೈತನಿಗೆ ತಿಳಿಯುವುದು ಮಡಿಯಲ್ಲಿ ಮೊಳಕೆ ಬಾರದಾಗ. ಅಷ್ಟರಲ್ಲಿ ಅವನ ಹಂಗಾಮೂ ಹೋಗಿರುತ್ತದೆ, ಅಂಗಡಿಯ ಹೆಸರೂ ಹೋಗಿರುತ್ತದೆ.

ಪ್ರಮಾಣಿತ ಉಳ್ಳಾಗಡ್ಡಿ ಬೀಜದ ತೇವಾಂಶ ಸಾಮಾನ್ಯ ಚೀಲದಲ್ಲಿ ಶೇ. 8ನ್ನು, ಆವಿ ಹಾಯದ ಡಬ್ಬಿಯಲ್ಲಿ ಶೇ. 6ನ್ನು ಮೀರಬಾರದೆಂದು ನಿಯಮ. ಬಿಗಿದ ಡಬ್ಬಿಗೆ ನಿಯಮ ಇನ್ನೂ ಬಿಗಿಯಾಗಿರುವುದಕ್ಕೆ ಕಾರಣ ಹಗೇವಿನ ಕಾರಣವೇ: ಒಳಗೆ ಸೇರಿದ ನೀರು ಹೊರಬರಲಾರದು. ಬೀಜದ ತೇವಾಂಶ ಒಂದು ಅಂಶ ಇಳಿದಂತೆ ಅದರ ಆಯುಷ್ಯ ಸುಮಾರು ಇಮ್ಮಡಿಸುತ್ತದೆ, ಉಷ್ಣತೆ ಐದು ಡಿಗ್ರಿ ಇಳಿದಂತೆ ಮತ್ತೆ ಇಮ್ಮಡಿಸುತ್ತದೆ ಎಂಬುದು ಬೀಜ ವಿಜ್ಞಾನದಲ್ಲಿ ಒಪ್ಪಿತವಾದ ಸ್ಥೂಲ ನಿಯಮ. ಇಲ್ಲಿ ಸ್ಪಂಜಿನ ಜಾಗದಲ್ಲಿ ಸಿಲಿಕಾ ಜೆಲ್ ಬರುತ್ತದೆ. ತೆಳು ಬಟ್ಟೆಯ ಚೀಲದಲ್ಲಿ ಬೀಜ, ಅದರ ತೂಕದಷ್ಟೇ ಒಣಗಿದ ಜೆಲ್, ಜೊತೆಗೆ ಉಪ್ಪಿನಲ್ಲಿ ಪರೀಕ್ಷಿಸಿದ ಅದೇ ಮಾಪಕ. ಆರ್ದ್ರತೆ ಶೇ. 30ಕ್ಕಿಂತ ಕೆಳಗಿಳಿದು ಕೆಲವು ದಿನ ಅಲ್ಲೇ ನಿಂತರೆ ಬೀಜವನ್ನು ತೂಗಿ, ಪರೀಕ್ಷೆಗೆ ಮಾದರಿ ತೆಗೆದು, ಬಿಗಿ ಡಬ್ಬಿಗೆ ತುಂಬಬಹುದು. ಜೆಲ್ ಬಣ್ಣ ತಿರುಗಿದಾಗ ಸುಮಾರು 120 ಡಿಗ್ರಿಯ ಒಲೆಯಲ್ಲಿ ಒಣಗಿಸಿ ಮತ್ತೆ ಬಳಸಬಹುದು. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಲವಣವಿರುವುದರಿಂದ ಕಿತ್ತಳೆ ಬಣ್ಣದ್ದನ್ನೇ ಕೇಳಿ ತರುವುದು ಲೇಸು. ತಂಬಾಕಿಗೆ ಬಳಸಿದ ಪೆಟ್ಟಿಗೆಯನ್ನು ಬೀಜಕ್ಕೆ, ಔಷಧ ಲೇಪಿಸಿದ ಬೀಜಕ್ಕೆ ಬಳಸಿದ್ದನ್ನು ಬೇರೆ ಸರಕಿಗೆ ತಿರುಗಿಸದಂತೆ ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಬೇಕು.

ಈ ಸಲದ ಬೀಜಕ್ಕೆ ಬಳಸುವ ವಿಚಾರವಿದ್ದವರು ಪೆಟ್ಟಿಗೆಯನ್ನು ರೋಹಿಣಿ ಮಳೆಗೆ ಮುಂಚೆಯೇ ಸಿದ್ಧಪಡಿಸಿಕೊಳ್ಳಲಿ. ಮಳೆ ಹಿಡಿದ ಮೇಲೆ ತುಂಬಿದ ಪೆಟ್ಟಿಗೆಗೆ ಜೆಲ್ ಇಮ್ಮಡಿ ಬೇಕಾಗುತ್ತದೆ.